ಸಿಮಿಲಿ (ಉಪಮೆ), ಮೆಟಫರ್ (ರೂಪಕ) ಗುರುತಿಸುವುದು ಹೇಗೆ?

ಬಳ್ಳಾರಿ, ಕೊಪ್ಪಳ ಕಡೆಯ ಪಿಯು, ಪದವಿ ವಿದ್ಯಾರ್ಥಿಗಳ ಇಂಗ್ಲಿಷ್ ಉತ್ತರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಸಾಲಿನಲ್ಲಿ 'ಲೈಕ್' ಅಥವಾ 'ಆ್ಯಸ್' ಕಂಡರೆ ಸಾಕು, ಸಿಮಿಲಿ ಅಂತ ಬರೆದುಬಿಡುತ್ತಾರೆ. 'ಐ ಲೈಕ್ ಮ್ಯಾಂಗೋಸ್' ಕೂಡ ಹಾಗೇ ಸಿಮಿಲಿ ಆಗಿಬಿಡುತ್ತದೆ.

ಮೊದಲು ಸಾಲನ್ನು ಬಾಯಿಬಿಟ್ಟು ಓದಿ.

ಆಮೇಲೆ ಕೇಳಿಕೊಳ್ಳಿ: ಮಾತು ಯಾವುದರ ಬಗ್ಗೆ, ಹೋಲಿಸಿದ್ದು ಯಾವುದಕ್ಕೆ? ಹೈಸ್ಕೂಲಿನ ಉಪಮೇಯ, ಉಪಮಾನ ಇವೇ. ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ 1936ರಲ್ಲಿ ಟೆನರ್, ವೆಹಿಕಲ್ ಎಂದದ್ದೂ ಹೆಚ್ಚುಕಡಿಮೆ ಇವನ್ನೇ. ಕನ್ನಡ ಮೀಡಿಯಂನವರು ಅಳುಕಬೇಕಿಲ್ಲ. ಅಲಂಕಾರಗಳನ್ನು ವಿವರಿಸುವ ಕವಿರಾಜಮಾರ್ಗವೇ ತಿರುಳ್ಗನ್ನಡದ ಊರುಗಳಲ್ಲಿ ಕೊಪಣವನ್ನೂ, ಅಂದರೆ ಇಂದಿನ ಕೊಪ್ಪಳವನ್ನೂ, ಹೆಸರಿಸುತ್ತದೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ, ಆ ಎರಡೂ ಬೇರೆ ಬೇರೆ ಜಾತಿಯವೇ ಎಂದು ನೋಡುವಾಗ. 'ರಾಯಚೂರು ಈಸ್ ಆ್ಯಸ್ ಹಾಟ್ ಆ್ಯಸ್ ಬಳ್ಳಾರಿ' ಸಿಮಿಲಿ ಅಲ್ಲ. ಎರಡೂ ಊರೇ, ಬಿಸಿಲೂ ಒಂದೇ. ಅದು ಬರೀ ಹೋಲಿಕೆ. 'ಬಳ್ಳಾರಿ ಈಸ್ ಆ್ಯಸ್ ಹಾಟ್ ಆ್ಯಸ್ ಎ ಫರ್ನೇಸ್' ಅಂದಾಗ ಸಿಮಿಲಿ, ಏಕೆಂದರೆ ಊರಿನ ಜಾತಿ ಬೇರೆ, ಕುಲುಮೆಯ ಜಾತಿ ಬೇರೆ. 'ಬಳ್ಳಾರಿ ಈಸ್ ಎ ಫರ್ನೇಸ್' ಅಂದರೆ ಹೋಲಿಕೆ ತೋರಿಸುವ 'ಆ್ಯಸ್' ಎಂಬ ವಾಚಕ ಪದ ಬಿದ್ದುಹೋಗಿ ಊರೇ ಕುಲುಮೆಯಾಯಿತು, ಅದು ಮೆಟಫರ್. ಇನ್ನು 'ವಿ ಸ್ಟೆಪ್ಡ್ ಔಟ್ ಇಂಟು ದ ಫರ್ನೇಸ್' ಎಂಬಲ್ಲಿ ಬಿಸಿಲಿನ ಹೆಸರೇ ಇಲ್ಲ. ಉಪಮೇಯ ಅಡಗಿ ಕೂತಿದೆ, ಆದರೂ ಮೆಟಫರೇ. ಹೆಚ್ಚಿನವರು ಇದನ್ನೇ ಬಿಟ್ಟು ಬರುತ್ತಾರೆ.

ಒಂದರ ಹೆಸರು ಹೇಳಿ ಇನ್ನೊಂದನ್ನು ಸೂಚಿಸುವ ಮೆಟೊನಿಮಿ, ಸಿನೆಕ್ಡಕಿಗಳಲ್ಲಿ ನಂಟೋ ಅಂಗವೋ ನೋಡಿ. 'ವಿಧಾನಸೌಧ ಒಪ್ಪಿತು' ಅಂದರೆ ಒಪ್ಪಿದ್ದು ಸರ್ಕಾರ. ಕಟ್ಟಡಕ್ಕೂ ಅದಕ್ಕೂ ಬರೀ ನಂಟು. ಇದು ಮೆಟೊನಿಮಿ. 'ಗಂಗಾವತಿಯ ಗದ್ದೆ ನಾಟಿಗೆ ಇನ್ನೂ ಹತ್ತು ಕೈ ಬೇಕು' ಅಂದರೆ ಕೈ ಆಳಿನದೇ ಅಂಗ; ಸಿನೆಕ್ಡಕಿ. ಕೆಲವು ವಿದ್ವಾಂಸರು ಎರಡನೆಯದನ್ನು ಮೊದಲನೆಯದರೊಳಗೇ ಸೇರಿಸುತ್ತಾರೆ. ಪರೀಕ್ಷೆಯಲ್ಲಿ ನೀವು ಬೇರೆಯಾಗಿಯೇ ಬರೆಯಿರಿ.

ಪದಗಳ ಮೊದಲ ಧ್ವನಿ ಮರುಕಳಿಸುವ ಅಲಿಟರೇಶನ್‌ಗೆ ಒಂದು ಅಡ್ಡದಾರಿ ಇದೆ, ಧಾರಾಳವಾಗಿ ಬಳಸಿ: ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಸಿಟಿ, ಕ್ಯಾಟ್ ಬೇರೆಯಾಗುತ್ತವೆ. ಫೋನ್, ಫ್ಯಾನ್ ಜೊತೆಯಾಗುತ್ತವೆ. ಬೇಕಾದದ್ದು ಧ್ವನಿ, ಸ್ಪೆಲಿಂಗ್ ಅಲ್ಲ.

ಪರೀಕ್ಷೆ ಹತ್ತಿರ ಬಂದಾಗ ಅಂಗಡಿಗಳಲ್ಲಿ ನೇತಾಡುವ ತೆಳು ಗೈಡ್‌ಗಳನ್ನು ಕೊಳ್ಳಲೇಬೇಡಿ. ಒಂದು ಪದಕ್ಕೆ ಒಂದೇ ಉದಾಹರಣೆ ಕೊಡುತ್ತವೆ; ಹೊಸ ಸಾಲು ಬಂದರೆ ಅವುಗಳಿಂದ ಏನೂ ಉಪಯೋಗವಿಲ್ಲ.

ಉತ್ತರದಲ್ಲಿ ಅಲಂಕಾರದ ಹೆಸರು, ಅದು ಇರುವ ಪದಗಳು, ಅದರಿಂದ ಸಾಲಿಗೆ ಬಂದ ಬಲ, ಮೂರೂ ಇರಲಿ. 'ಸಾಲು ಸುಂದರವಾಗಿದೆ' ಎನ್ನಬೇಡಿ. 'ಫರ್ನೇಸ್ ಎಂದದ್ದರಿಂದ ಬಿಸಿಲು ನಾಲ್ಕೂ ಕಡೆಯಿಂದ ಮುಚ್ಚಿಕೊಂಡಂತೆ, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಅನಿಸುತ್ತದೆ' ಎಂದು ಬರೆಯಿರಿ.