ಹತ್ತು ನಂಬರಿನ ಬೋಲ್ಟು ಮತ್ತು ಎಬಿಎಸ್ ಸೆನ್ಸರ್

ಮಲ್ಪೆ ಬಂದರಿನಿಂದ ಮೀನು ಹೊರುವ ಪಿಕಪ್ಪಿನ ಚಕ್ರವನ್ನು ಒಮ್ಮೆ ಬಿಚ್ಚಿದವರಿಗೆ ತುಕ್ಕಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮಂಜುಗಡ್ಡೆ ಕರಗಿದ ಉಪ್ಪುನೀರು ಹಿಂದಿನ ಆಕ್ಸಲ್ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ, ಮೇಲಿಂದ ನಾಲ್ಕು ತಿಂಗಳ ಮಳೆ. ಕಾರುಗಳಿಗೆ ಕಡಲ ಗಾಳಿಯೇ ಸಾಕು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ ಮೇಲೆ ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಪ್ರತಿ ಚಕ್ರಕ್ಕೂ ಅದರ ವೇಗ ಅಳೆಯುವ ಒಂದು ಸೆನ್ಸರ್. ಅದನ್ನು ಹಿಡಿದಿರುವುದು ಹೆಚ್ಚಾಗಿ ಹತ್ತು ನಂಬರ್ ಸ್ಪ್ಯಾನರಿನ ಒಂದೇ ಸಣ್ಣ ಬೋಲ್ಟು.

ಮೊದಲು ಯೋಚಿಸಬೇಕಾದದ್ದು, ಸೆನ್ಸರ್ ತೆಗೆಯಲೇಬೇಕೇ? ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಕೆಲಸಕ್ಕಾದರೆ ಬೇಡ. ಇಗ್ನಿಷನ್ ಆಫ್ ಮಾಡಿ, ವಯರನ್ನು ಕ್ಲಿಪ್ಪುಗಳಿಂದ ಬಿಡಿಸಿ, ಮೇಲಿನ ಕನೆಕ್ಟರ್ ಕಳಚಿ ಪಕ್ಕಕ್ಕಿಡಿ. ಚೆನ್ನಾಗಿ ಕೂತಿರುವ ಸೆನ್ಸರನ್ನು ಸುಮ್ಮನೆ ಕೆಣಕಬಾರದು. ಚಕ್ರದ ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಬದಲಿಸುವುದಿದ್ದರೆ, ಇಲ್ಲವೇ ಸೆನ್ಸರೇ ಕೆಟ್ಟಿದ್ದರೆ ಮಾತ್ರ ಕೈ ಹಾಕಿ.

ಗಾಡಿಯನ್ನು ಜಾಕ್ ಮೇಲೆ ಮಾತ್ರ ನಿಲ್ಲಿಸಬೇಡಿ, ಸ್ಟ್ಯಾಂಡ್ ಕೊಡಿ. ಬೋಲ್ಟಿನ ಸುತ್ತ ವಯರ್ ಬ್ರಷ್ ಉಜ್ಜಿ, ಡಿಸ್ಕ್ ಮೇಲೆ ಬಟ್ಟೆ ಮುಚ್ಚಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ನಾನು ಸಂಜೆ ಹೊಡೆದು ಬೆಳಿಗ್ಗೆ ಕೈ ಹಾಕುತ್ತೇನೆ, ಅರ್ಜೆಂಟ್ ಅಂದವರಿಗೂ ಇದನ್ನೇ ಹೇಳುತ್ತೇನೆ. ಮರುದಿನ ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು, ಬೋಲ್ಟಿಗೆ ಮಾತ್ರ, ಸೆನ್ಸರಿಗೆ ತಾಗದ ಹಾಗೆ. ಆರು ಮೂಲೆಯ ಸಾಕೆಟ್ಟೇ ಆಗಬೇಕು, ಹನ್ನೆರಡು ಮೂಲೆಯದು ತಲೆಯನ್ನು ಸವೆಸಿಬಿಡುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ‘ಟಕ್’ ಅಂದರೆ ಬಿಟ್ಟಿತು ಅಂತಲೇ. ಸದ್ದಿಲ್ಲದೆ ರಬ್ಬರ್ ತಿರುಚಿದ ಹಾಗೆ ಕೈಗೆ ಮೆತ್ತಗೆ ಬಂದರೆ ಅಲ್ಲೇ ನಿಲ್ಲಿಸಿ: ಬೋಲ್ಟು ಬಿಡುತ್ತಿಲ್ಲ, ತುಂಡಾಗುತ್ತಿದೆ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಗ್ಯಾಸ್ ಬೆಂಕಿ ಇಲ್ಲಿ ಬೇಡವೇ ಬೇಡ, ಪಕ್ಕದಲ್ಲೇ ಪ್ಲಾಸ್ಟಿಕ್ ಸೆನ್ಸರ್, ಬ್ರೇಕ್ ಹೋಸ್.

ಬೋಲ್ಟು ಬಂದರೂ ಸೆನ್ಸರ್ ಬರುತ್ತದೆಂದಲ್ಲ. ತೂತಿನೊಳಗಿನ ತುಕ್ಕು ಉಬ್ಬಿ ಅದನ್ನು ಕಚ್ಚಿಕೊಂಡಿರುತ್ತದೆ. ವಯರ್ ಹಿಡಿದು ಎಳೆಯಬೇಡಿ, ಬೋಲ್ಟು ಕೂರುವ ಅದರ ಕಿವಿಯಡಿಗೆ ಸ್ಕ್ರೂಡ್ರೈವರ್ ಹಾಕಿ ಎತ್ತಬೇಡಿ. ಎಣ್ಣೆ ಬಿಟ್ಟು, ಬುಡವನ್ನು ಪ್ಲೈಯರಿನಲ್ಲಿ ಹಗುರಾಗಿ ಹಿಡಿದು, ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು. ತಿರುಗಲು ಶುರುವಾದ ಮೇಲೆಯೇ ಮೇಲಕ್ಕೆ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಮನೆಯಲ್ಲೇ ಪ್ರಯತ್ನಿಸಿ ಬಂದಿದ್ದ. ಸೆನ್ಸರಿನ ತಲೆ ಅವನ ಕೈಯಲ್ಲಿತ್ತು, ಮುಂಡ ತೂತಿನಲ್ಲೇ. ಡ್ರಿಲ್ ಮಾಡೋಣ ಅಂದ. ಬೇಡ ಮಗಾ, ಡ್ರಿಲ್ ಒಳಗೆ ಜಾರಿದರೆ ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್ ಹೋಗುತ್ತದೆ ಅಂದೆ. ಬೇರಿಂಗನ್ನೂ ಬದಲಿಸುವುದಿದ್ದುದರಿಂದ ಚಕ್ರ ಕೂರುವ ಹಬ್ ಹೊರತೆಗೆದು, ಒಳಗಿನಿಂದ ಮರದ ಗೂಟವಿಟ್ಟು ತಟ್ಟಿದೆ. ಮೂರನೇ ಪೆಟ್ಟಿಗೆ ಕಂದು ಪುಡಿಯೊಂದಿಗೆ ಹೊರಬಿತ್ತು.

ಹೊಸ ಸೆನ್ಸರ್ ಹಾಕುವ ಮುಂಚೆ ಎಮರಿ ಪೇಪರ್ ಸುತ್ತಿ ತೂತನ್ನೂ, ಸೆನ್ಸರಿನ ಕಿವಿ ಕೂರುವ ಜಾಗವನ್ನೂ ಹೊಳೆಯುವಷ್ಟು ಉಜ್ಜಿ. ಪುಡಿ ಒಳಗೆ ಬೀಳದಂತೆ ಬಟ್ಟೆ ತುರುಕಿಡಿ, ಆಮೇಲೆ ತೆಗೆಯಲು ಮರೆಯಬೇಡಿ. ಬಹಳಷ್ಟು ಗಾಡಿಗಳಲ್ಲಿ ಸೆನ್ಸರಿನ ತುದಿಗೂ ರಿಂಗಿಗೂ ಇರುವ ಅಂತರವೇ ಸುಮಾರು ಒಂದು ಮಿಲಿಮೀಟರ್. ಕಿವಿಯಡಿ ತುಕ್ಕಿನ ಪದರ ಉಳಿದರೆ ಸೆನ್ಸರ್ ಅಷ್ಟು ಮೇಲೇಳುತ್ತದೆ. ಆಗ ಗಾಡಿ ನಿಲ್ಲುವ ಹೊತ್ತಿಗೆ, ಒಣ ರಸ್ತೆಯಲ್ಲೂ, ಚಕ್ರ ಜಾರಿತೆಂದು ಎಬಿಎಸ್ ತಪ್ಪು ತಿಳಿದು ಬ್ರೇಕ್ ಪೆಡಲ್ ಗರಗರ ನಡುಗುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಸವರಿ, ಆದರೆ ಸೆನ್ಸರ್ ಬಳಿ ತಾಮ್ರದ ಪುಡಿಯ ಗ್ರೀಸ್ ಬೇಡ. ಲೋಹವಿಲ್ಲದ ಬ್ರೇಕ್ ಗ್ರೀಸ್ ತೆಳ್ಳಗೆ ಸಾಕು, ತುದಿಗೆ ತಾಗದಿರಲಿ. ಬಿಗಿ ಸಾಮಾನ್ಯವಾಗಿ 8–10 ನ್ಯೂಟನ್ ಮೀಟರ್, ನಿಮ್ಮ ಗಾಡಿಯ ಮ್ಯಾನುಯಲ್ ಏನು ಹೇಳುತ್ತದೋ ಅದೇ ಸರಿ.

ಈಗಿನ ಅನೇಕ ಬೇರಿಂಗುಗಳಲ್ಲಿ ಹಲ್ಲಿನ ರಿಂಗ್ ಇಲ್ಲ, ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಸಣ್ಣ ಪೇಪರ್ ಕ್ಲಿಪ್ ಮೆಲ್ಲಗೆ ಅಂಟುವ ಬದಿಯೇ ಸೆನ್ಸರ್ ಕಡೆಗೆ ಬರಬೇಕು. ತಿರುವುಮುರುವಾದರೆ ಅಷ್ಟೂ ಕೆಲಸ ಮೊದಲಿನಿಂದ.

ಕೊನೆಗೆ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಅಂಕಿ ತೋರಿಸುವ ಯಂತ್ರ) ಹಾಕಿ ಖಾಲಿ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ನೇರಕ್ಕೆ ಓಡಿಸಿ, ಪಕ್ಕದಲ್ಲಿ ಕೂತವರು ನಾಲ್ಕೂ ಚಕ್ರದ ವೇಗದ ಅಂಕಿ ಒಂದೇ ಇದೆಯೇ ನೋಡಲಿ. ವಾಪಸ್ ಬಂದು ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವಯರ್ ಎಲ್ಲೂ ಎಳೆದುಕೊಳ್ಳುತ್ತಿಲ್ಲವೆಂದು ಬಗ್ಗಿ ನೋಡಿದ ಮೇಲೆಯೇ ನಾನು ಬೀಗದ ಕೈ ಕೊಡುವುದು.