ಹಾಲ್‌ಗೆ ಟಿವಿ ಆರಿಸಿದ್ದು: ಅಮ್ಮನ ಕುರ್ಚಿಯಿಂದ ಶುರು ಮಾಡಿದೆ

ಟಿವಿ ಕೊಳ್ಳುವ ಮುಂಚೆ ನಾನು ಮಾಡಿದ ಮೊದಲ ಕೆಲಸ, ಮನೆಯಲ್ಲಿ ಯಾರು ಎಲ್ಲಿ ಕೂತು ಏನು ನೋಡುತ್ತಾರೆ ಅಂತ ಗಮನಿಸಿದ್ದು. ಅಪ್ಪ ದಿವಾನದ ಮೇಲೆ, ಟಿವಿಗೆ ನೇರ ಎದುರು. ಬೆಳಿಗ್ಗೆಯಿಂದ ನ್ಯೂಸು, ಮ್ಯಾಚ್ ಇದ್ದರೆ ಮ್ಯಾಚು. ಅಮ್ಮ ಅಡುಗೆಮನೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಅವರೆಕಾಯಿ ಬಿಡಿಸುತ್ತಾ ಸೀರಿಯಲ್ ನೋಡುತ್ತಾರೆ. ಅಲ್ಲಿಂದ ಟಿವಿ ಪೂರ್ತಿ ಓರೆಯಾಗಿ ಕಾಣುತ್ತದೆ. ನನ್ನದು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಸಿನಿಮಾ, ಅಷ್ಟೇ. ಲೆಕ್ಕ ಹಾಕಿದರೆ ಟಿವಿ ಜಾಸ್ತಿ ಹೊತ್ತು ಉರಿಯುವುದು ಹಗಲಲ್ಲಿ, ಕಿಟಕಿ ಬೆಳಕಲ್ಲಿ, ಡಿಟಿಎಚ್ ಚಾನೆಲ್‌ಗಳಿಗೆ. ಸಿನಿಮಾಕ್ಕಲ್ಲ.

ಆಮೇಲೆ ಟೇಪು ಹಿಡಿದೆ. ಗೋಡೆಯಿಂದ ದಿವಾನಕ್ಕೆ ಎಂಟು ಅಡಿ. 55 ಇಂಚಿನ ಟಿವಿ ಅಂದರೆ ಮೂಲೆಯಿಂದ ಮೂಲೆಗೆ ಅಳತೆ. ಪರದೆಯ ಅಗಲ ಸುಮಾರು 122 ಸೆಂಟಿಮೀಟರ್, ಎತ್ತರ 68. ಹಳೇ ಪೇಪರ್ ಅಷ್ಟಕ್ಕೆ ಕತ್ತರಿಸಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟೆ. ಅಪ್ಪ ಬೈದರು, ಆದರೆ ಜಾಗಕ್ಕೆ ಸರಿಹೋಗುತ್ತದೆ ಅಂತ ಗೊತ್ತಾಯಿತು. 43 ಇಂಚಿನದು ಆ ಗೋಡೆಗೆ ಸಣ್ಣದೇ.

4ಕೆ ಬೇಕಾ, ಫುಲ್ ಎಚ್‌ಡಿ ಸಾಕಾ ಅನ್ನುವ ಪ್ರಶ್ನೆಗೂ ಈ ಎಂಟು ಅಡಿಯೇ ಉತ್ತರ ಕೊಟ್ಟಿತು. ಫುಲ್ ಎಚ್‌ಡಿ ಅಂದರೆ 1920×1080, ಸುಮಾರು 20 ಲಕ್ಷ ಚುಕ್ಕಿ. 4ಕೆ ಅಂದರೆ 3840×2160, ಸುಮಾರು 83 ಲಕ್ಷ. ಲೆಕ್ಕಕ್ಕೆ ನಾಲ್ಕು ಪಟ್ಟು, ಸರಿ. ಆದರೆ 55 ಇಂಚಿನಲ್ಲಿ ಫುಲ್ ಎಚ್‌ಡಿ ಚುಕ್ಕಿಗಳು ಚೆನ್ನಾಗಿರುವ ಕಣ್ಣಿಗೆ ಬೇರೆಬೇರೆಯಾಗಿ ಕಾಣಬೇಕಾದರೆ ಹೆಚ್ಚುಕಮ್ಮಿ ಏಳು ಅಡಿಯೊಳಗೆ ಬರಬೇಕು. ಎಂಟು ಅಡಿಯಲ್ಲಿ ಕೂತವರಿಗೆ 4ಕೆ ಲಾಭ ಸಿಗುವುದು ತೀರಾ ಕಮ್ಮಿ. ಈಗ ಅಂಗಡಿಯಲ್ಲಿ ಆ ಸೈಜಿಗೆ ಸಿಗುವುದೆಲ್ಲ 4ಕೆನೇ ಆದ್ದರಿಂದ 4ಕೆನೇ ತಂದೆವು, ಅದು ಬೇರೆ ಮಾತು. ಆದರೆ ಅದನ್ನು ನೋಡಿ ಒಂದು ಮಾಡೆಲ್ ಆರಿಸುವುದು ದಂಡ.

ನಿಜವಾಗಿ ಆರಿಸಬೇಕಾದ್ದು ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಪರದೆಯ ಜಾತಿ. ಎಲ್‌ಇಡಿ ಟಿವಿ ಅಂತ ಮಾರುವುದೆಲ್ಲ ಎಲ್‌ಸಿಡಿ ಪರದೆಯೇ, ಹಿಂದೆ ಎಲ್‌ಇಡಿ ದೀಪ ಇರುತ್ತದೆ ಅಷ್ಟೇ. ಕ್ಯೂಎಲ್‌ಇಡಿ ಕೂಡ ಅದೇ, ಬಣ್ಣ ಚೆನ್ನಾಗಿ ಬರಲಿ ಅಂತ ಒಂದು ಪದರ ಜಾಸ್ತಿ. ಇದರಲ್ಲಿ ಎರಡು ಜಾತಿ: ವಿಎ ಮತ್ತು ಐಪಿಎಸ್. ವಿಎ ಪರದೆಯಲ್ಲಿ ಕಪ್ಪು ಕಪ್ಪಾಗೇ ಕಾಣುತ್ತದೆ, ಕಾಂಟ್ರಾಸ್ಟ್ (ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವ ಲೆಕ್ಕ) 3000ಕ್ಕೆ 1, ಕೆಲವದರಲ್ಲಿ ಇನ್ನೂ ಜಾಸ್ತಿ. ಆದರೆ ಪಕ್ಕಕ್ಕೆ ಸರಿದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್‌ನಲ್ಲಿ ಕಾಂಟ್ರಾಸ್ಟ್ 1000ಕ್ಕೆ 1ರ ಆಸುಪಾಸು, ಕತ್ತಲೆ ಕೋಣೆಯಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೆ ಓರೆಯಿಂದ ನೋಡಿದರೂ ಮುಖದ ಬಣ್ಣ ಕೆಡುವುದಿಲ್ಲ. ನೆಟ್ಟಲ್ಲಿ ರಿವ್ಯೂ ಬರೆಯುವವರು ಬಹಳ ಜನ ವಿಎ ಕಡೆಗೇ ವಾಲುತ್ತಾರೆ, ಯಾಕೆಂದರೆ ಅವರು ದೀಪ ಆರಿಸಿ ನೇರ ಎದುರು ಕೂತು ನೋಡುತ್ತಾರೆ. ನಮ್ಮ ಅಮ್ಮ ಹಾಗೆ ನೋಡುವುದಿಲ್ಲವಲ್ಲ.

ಒಎಲ್‌ಇಡಿಯಲ್ಲಿ ಈ ಎರಡೂ ತೊಂದರೆ ಇಲ್ಲ. ಪ್ರತಿ ಚುಕ್ಕಿಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಆದರೆ ಅಪ್ಪನ ನ್ಯೂಸ್ ಚಾನೆಲ್‌ಗಳ ಲೋಗೋ, ಕೆಳಗಿನ ಕೆಂಪು ಪಟ್ಟಿ ದಿನವಿಡೀ ಒಂದೇ ಜಾಗದಲ್ಲಿ ನಿಂತಿರುತ್ತವೆ. ವರ್ಷಗಟ್ಟಲೆ ಹಾಗೇ ನಡೆದರೆ ಪರದೆಯ ಮೇಲೆ ಅದರ ಕಲೆ ಉಳಿದುಬಿಡುವ ಭಯ ಇದೆ. ಬೆಲೆಯೂ ನಮಗೆ ದೂರ. ಬಿಟ್ಟೆ.

ಇನ್ನು ಶೋರೂಮು. ಅಲ್ಲಿ ಟಿವಿಗಳೆಲ್ಲ ಡೆಮೋ ಮೋಡ್‌ನಲ್ಲಿರುತ್ತವೆ: ಬೆಳಕು ಪೂರ್ತಿ, ಬಣ್ಣ ಪೂರ್ತಿ, ಓಡುವುದು ಹೂವು, ಸಮುದ್ರ, ಗಿಣಿ ಇರುವ 4ಕೆ ವಿಡಿಯೋ. ಗಿಣಿ ಯಾವ ಟಿವಿಯಲ್ಲೂ ಚೆನ್ನಾಗೇ ಕಾಣುತ್ತದೆ. ನಾನು ಪೆನ್‌ಡ್ರೈವ್ ತಗೊಂಡು ಹೋಗಿದ್ದೆ. ಅದರಲ್ಲಿ ರಾತ್ರಿಯ ಒಂದು ದೃಶ್ಯ, ನಮ್ಮ ಮನೆಯವರದೇ ಮದುವೆ ವಿಡಿಯೋದ ಒಂದು ತುಣುಕು, ಮತ್ತೆ ಪರದೆ ತುಂಬಾ ಬೂದಿ ಬಣ್ಣ ಇರುವ ಒಂದು ಚಿತ್ರ. ಮದುವೆ ವಿಡಿಯೋ ಯಾಕೆಂದರೆ ಆ ಮುಖಗಳ ನಿಜವಾದ ಬಣ್ಣ ನನಗೆ ಗೊತ್ತು. ಬೂದಿ ಚಿತ್ರದಲ್ಲಿ ಪರದೆಯ ಮಬ್ಬು ಪಟ್ಟೆಗಳು, ಮೂಲೆಯ ಕಪ್ಪು ಎಲ್ಲ ಸಿಕ್ಕಿಬೀಳುತ್ತವೆ. ಇವೇ ಪಟ್ಟೆಗಳು ಆಮೇಲೆ ಕ್ಯಾಮೆರಾ ಹಸಿರು ಮೈದಾನದ ಮೇಲೆ ಸರಿಯುವಾಗ ಕಣ್ಣಿಗೆ ಚುಚ್ಚುತ್ತವೆ. ಮಾರುವ ಹುಡುಗನ ಹತ್ತಿರ ರಿಮೋಟ್ ಇಸ್ಕೊಂಡು ಪಿಕ್ಚರ್ ಮೋಡನ್ನು ಸಿನಿಮಾಗೆ ಹಾಕಿದೆ. ಆಮೇಲೆ ಸೆಟ್‌ಟಾಪ್ ಬಾಕ್ಸಿನ ಮಾಮೂಲಿ ಎಸ್‌ಡಿ (ಎಚ್‌ಡಿ ಅಲ್ಲದ) ಚಾನೆಲ್ ಹಾಕಿಸಿ ಅಂದೆ. ಆ ಹುಡುಗನಿಗೆ ಇದು ಇಷ್ಟವಾಗಲಿಲ್ಲ, ಪಾಪ. 576 ಗೆರೆಯ ಚಿತ್ರವನ್ನು 2160 ಗೆರೆಗೆ ಹಿಗ್ಗಿಸುವುದರಲ್ಲೇ ಒಂದೊಂದು ಟಿವಿಯ ಯೋಗ್ಯತೆ ಬಯಲಾಗುತ್ತದೆ. ಕೆಲವದರಲ್ಲಿ ಅಕ್ಷರಗಳ ಸುತ್ತ ಹುಳ ಹರಿದ ಹಾಗೆ ಕಂಡಿತು.

ಕೊನೆಗೆ ಪ್ರತಿ ಟಿವಿಯ ಪಕ್ಕಕ್ಕೆ ಹೋಗಿ, ಅಮ್ಮನ ಕುರ್ಚಿ ಎಷ್ಟು ಓರೆಯಲ್ಲಿದೆಯೋ ಅಷ್ಟೇ ಓರೆಯಲ್ಲಿ ನಿಂತು ನೋಡಿದೆ. ಅರ್ಧಕ್ಕರ್ಧ ಟಿವಿ ಅಲ್ಲೇ ಔಟ್. ಇದನ್ನು ಕಣ್ಣಿಂದಲೇ ನೋಡಬೇಕು, ಡಬ್ಬದ ಮೇಲೆ ಪ್ಯಾನೆಲ್ ಜಾತಿ ಬರೆದಿರುವುದು ಅಪರೂಪ. ಒಂದೇ ಮಾಡೆಲ್ಲಿನ 43 ಇಂಚಿಗೆ ಒಂದು ಪ್ಯಾನೆಲ್, 55ಕ್ಕೆ ಇನ್ನೊಂದು ಇರುವುದೂ ಉಂಟು. ಹಾಗಾಗಿ ನಮಗೆ ಬೇಕಾದ ಸೈಜನ್ನೇ ಓಡಿಸಿ ನೋಡಬೇಕು.

ಎಚ್‌ಡಿಆರ್ (ತೀರಾ ಬೆಳಕು, ತೀರಾ ಕತ್ತಲೆ ಎರಡನ್ನೂ ವಿವರವಾಗಿ ತೋರಿಸುವ ವಿಡಿಯೋ) ಅಂತ ಎಲ್ಲದರ ಮೇಲೂ ಸ್ಟಿಕರ್ ಇತ್ತು. ಆ ಸಿಗ್ನಲ್ ಓದುತ್ತದೆ ಅಂತ ಅರ್ಥ, ಅದನ್ನು ತೋರಿಸುವಷ್ಟು ಬೆಳಕು ಇದೆ ಅಂತಲ್ಲ. ನಮ್ಮ ಬಜೆಟ್ಟಿನ ಟಿವಿಗಳಲ್ಲಿ ಅದಕ್ಕೆ ಬೆಲೆ ಕೊಡಲಿಲ್ಲ.

ಬೆಲೆ ವಿಷಯ ಒಂದೇ ಮಾತು. 32 ಇಂಚು ಮೀರಿದ ಟಿವಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅಂದರೆ 128 ಕೊಡುವ ಕಡೆ 118. ಅದಕ್ಕೂ ಹಿಂದಿನ ಬೆಲೆ ತೋರಿಸಿ ‘ಭಾರೀ ಡಿಸ್ಕೌಂಟ್ ಸರ್’ ಅಂದರೆ, ಅದರಲ್ಲಿ ಎಂಟು ಪರ್ಸೆಂಟ್ ಅಂಗಡಿಯವರದಲ್ಲ.

ಗೋಡೆಗೆ ಹಾಕಲು ಬಂದವರು ಡ್ರಿಲ್ ಹಿಡಿದು ನೇರ ಐದು ಅಡಿ ಎತ್ತರಕ್ಕೇ ಕೈ ಹಾಕುತ್ತಾರೆ, ಅಭ್ಯಾಸ. ನಾನು ಮೊದಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೆ: ಪರದೆಯ ನಡುಭಾಗ ನೆಲದಿಂದ ಮೂರೂವರೆ ಅಡಿ, ಕೂತವರ ಕಣ್ಣಿನ ಮಟ್ಟಕ್ಕೆ. ‘ತುಂಬಾ ಕೆಳಗಾಯ್ತು ಸರ್’ ಅಂದರು. ಇರಲಿ ಹಾಕಿ ಅಂದೆ. ಕಿಟಕಿಯ ಎದುರು ಗೋಡೆ ಬೇಡ ಅಂತ ಮೊದಲೇ ತೀರ್ಮಾನವಾಗಿತ್ತು. ಪರದೆಯಲ್ಲಿ ಕಿಟಕಿ ಕಂಡರೆ ಯಾವ ಪ್ಯಾನೆಲ್ಲೂ ಕಾಪಾಡುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಜಾಸ್ತಿ ಏನೂ ಮಾಡಲಿಲ್ಲ. ಸಿನಿಮಾ ಮೋಡ್, ಶಾರ್ಪ್‌ನೆಸ್ ಕೆಳಕ್ಕೆ, ಹಗಲಿಗೆ ಬ್ಯಾಕ್‌ಲೈಟ್ ಜೋರು. ಸೆಟ್‌ಟಾಪ್ ಬಾಕ್ಸನ್ನು ಎಚ್‌ಡಿಎಂಐ ಕೇಬಲ್‌ಗೆ ಬದಲಾಯಿಸಿ, ಬಾಕ್ಸಿನ ಒಳಗೂ ಔಟ್‌ಪುಟ್ 1080ಕ್ಕೆ ಇಟ್ಟೆ. ಟಿವಿ ಚಿತ್ರದ ಅಂಚನ್ನು ಕತ್ತರಿಸಿ ದೊಡ್ಡದು ಮಾಡಿ ತೋರಿಸುತ್ತಿತ್ತು, ಸ್ಕೋರ್ ಪಟ್ಟಿಯ ತುದಿ ಹಾರಿಹೋಗುತ್ತಿತ್ತು. ಸ್ಕ್ರೀನ್ ಫಿಟ್ ಮಾಡಿದ ಮೇಲೆ ಸರಿಹೋಯಿತು. ಹಳೇ ರಾಜ್‌ಕುಮಾರ್ ಸಿನಿಮಾ ಬಂದಾಗ ಎಲ್ಲರ ಮುಖ ಅಗಲವಾಗಿ ಕಾಣುತ್ತದೆ ಅಂತ ಅಮ್ಮ ಹೇಳಿದರು. ಅದು ಹೆಚ್ಚುಕಮ್ಮಿ ಚೌಕವಾಗಿರುವ ಹಳೇ ಅಳತೆಯ (ಅಗಲ 4, ಎತ್ತರ 3) ಚಿತ್ರವನ್ನು ಎಳೆದು ತುಂಬಿಸುವುದರಿಂದ. ರಿಮೋಟ್‌ನಲ್ಲಿ 4:3 ಮಾಡುವುದು ಹೇಗೆ ಅಂತ ತೋರಿಸಿಕೊಟ್ಟೆ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಅಪ್ಪನಿಗೆ ಆಗುವುದಿಲ್ಲ, ದುಡ್ಡು ಕೊಟ್ಟು ಅಷ್ಟು ದೊಡ್ಡ ಟಿವಿ ತಂದು ಜಾಗ ಯಾಕೆ ಖಾಲಿ ಬಿಡಬೇಕು ಅಂತಾರೆ. ಅಪ್ಪ ಇಲ್ಲದಾಗ 4:3, ಇದ್ದಾಗ ಅಗಲ ಮುಖ, ಹಾಗೆ ನಡೆದಿದೆ.

ಶಬ್ದ ಮಾತ್ರ ಸುಮಾರು. ಸ್ಪೀಕರ್ ಕೆಳಮುಖವಾಗಿದೆ, ಫ್ಯಾನ್ ಜೋರಾಗಿ ತಿರುಗಿದರೆ ಸೀರಿಯಲ್ಲಿನ ಪಿಸುಮಾತು ಕೇಳುವುದಿಲ್ಲ. ಎಆರ್‌ಸಿ ಅಂತ ಬರೆದಿರುವ, ಟಿವಿಯ ಶಬ್ದವನ್ನು ಹೊರಗಿನ ಸ್ಪೀಕರ್‌ಗೆ ಕಳಿಸುವ ಎಚ್‌ಡಿಎಂಐ ಕಿಂಡಿಯನ್ನು ಸೌಂಡ್‌ಬಾರ್‌ಗೆ ಅಂತಲೇ ಖಾಲಿ ಇಟ್ಟಿದ್ದೇನೆ, ದೀಪಾವಳಿ ಹೊತ್ತಿಗೆ ನೋಡಬೇಕು.