ಸೀತಾಳೆ ಸಿಡುಬು: ಮಗುವನ್ನು ಮತ್ತೆ ಶಾಲೆಗೆ ಕಳುಹಿಸುವ ಮುನ್ನ

ಮಗುವಿಗೆ ಸೀತಾಳೆ ಸಿಡುಬು, ಅಂದರೆ ಮನೆಯ ಹಿರಿಯರು ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್ ಬಂದಾಗ, ಜ್ವರ ಇಳಿದ ಕೂಡಲೇ ಶಾಲೆಗೆ ಕಳುಹಿಸಬೇಡಿ. ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಸಾಮಾನ್ಯವಾಗಿ 5ರಿಂದ 7 ದಿನ, ಸೋಂಕು ಹರಡುತ್ತಲೇ ಇರುತ್ತದೆ. ಗುಳ್ಳೆ ಕಾಣುವ 1–2 ದಿನ ಮೊದಲೇ ಅದು ಹರಡಲು ಶುರುವಾಗಿರುವುದರಿಂದ, ತರಗತಿಯ ಶಿಕ್ಷಕರಿಗೂ ವ್ಯಾನಿನಲ್ಲಿ ಜೊತೆಗೆ ಹೋಗುವ ಮಕ್ಕಳ ಪೋಷಕರಿಗೂ ಅಂದೇ ತಿಳಿಸಿ. ಅವರು 21 ದಿನ ತಮ್ಮ ಮಕ್ಕಳನ್ನು ಗಮನಿಸುತ್ತಿರಲಿ. ಮನೆಯಲ್ಲಿ ಗರ್ಭಿಣಿಯಿದ್ದು, ಅವರಿಗೆ ಹಿಂದೆ ಈ ರೋಗ ಬಂದಿಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬೇವಿನ ಸೊಪ್ಪು ಹಾಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಅದನ್ನು ನಂಬಿ ನೆಂಟರಿಷ್ಟರನ್ನು ಒಳಗೆ ಕರೆಯಬೇಡಿ. ಮಗುವಿನ ಉಗುರು ಕತ್ತರಿಸಿ, ಟವೆಲ್ ಬೇರೆಯಿಡಿ. ಜ್ವರಕ್ಕೆಂದು ಆಸ್ಪಿರಿನ್ ಮಾತ್ರ ಕೊಡಲೇಬಾರದು.